ಮಧ್ಯಾಹ್ನಕ್ಕೆ ಬಂದ್ ಆಗುವ ಪ್ರೊಜೆಕ್ಟರ್: ಲ್ಯಾಂಪ್ ಬದಲಿಸುವ ಮೊದಲು ಏನೇನು ನೋಡಬೇಕು?

ಪ್ರಶ್ನೆ: ನಾನು ಕಾರಟಗಿ ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ರಸ್ತೆಯ ಆಚೆ ಬದಿಗೇ ರೈಸ್ ಮಿಲ್ ಇದೆ. ನಮ್ಮ ಪ್ರೊಜೆಕ್ಟರ್ ಹಳೆಯದು, ಛಾವಣಿಗೆ ಹಾಕಿಸಿದ್ದು. ಬೆಳಿಗ್ಗೆ ಮೊದಲ ಪೀರಿಯಡ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. ಮಧ್ಯಾಹ್ನ ಹಚ್ಚಿದರೆ 20 ನಿಮಿಷಕ್ಕೆ ತಾನಾಗಿಯೇ ಬಂದ್ ಆಗಿ ಕೆಂಪು ಲೈಟು ಮಿನುಗುತ್ತದೆ. ಚಿತ್ರ ಮಸುಕು, ಸ್ವಲ್ಪ ಹಳದಿ. ಹೊಸ ಲ್ಯಾಪ್‌ಟಾಪಿನಲ್ಲಿ ವಿಜಿಎ (ಹಳೆಯ ಪಿನ್ನಿನ ಪೋರ್ಟು) ಇಲ್ಲದ್ದಕ್ಕೆ ಕನ್ವರ್ಟರ್ ಹಾಕಿದ್ದೇವೆ, ಒಮ್ಮೊಮ್ಮೆ ‘ನೋ ಸಿಗ್ನಲ್’ ಅನ್ನುತ್ತದೆ. ನಡುವೆ ಕರೆಂಟ್ ಹೋಗಿ ಬಂದರಂತೂ ಹತ್ತುವುದೇ ಇಲ್ಲ. ಅಂಗಡಿಯವರು ಲ್ಯಾಂಪ್ ಹೋಗಿದೆ ಅಂತಾರೆ. ಶಾಲೆಯಲ್ಲಿ ದುಡ್ಡು ಸ್ವಲ್ಪವೇ ಇದೆ. ಲ್ಯಾಂಪ್ ಹಾಕಿಸಲೋ, ಹೊಸದನ್ನೇ ತಗೊಳ್ಳಲೋ?

ಉತ್ತರ: ಲ್ಯಾಂಪಿಗೆ ಸದ್ಯ ದುಡ್ಡು ಹಾಕಬೇಡಿ, ಮೇಡಂ. ನಿಮ್ಮ ಪ್ರಶ್ನೆಯೊಳಗೇ ಅರ್ಧ ಉತ್ತರ ಇದೆ: ಬೆಳಿಗ್ಗೆ ನಡೆಯುತ್ತದೆ, ಮಧ್ಯಾಹ್ನ ನಿಲ್ಲುತ್ತದೆ. ಹೋದ ಲ್ಯಾಂಪು ಬೆಳಿಗ್ಗೆಯೂ ತಕರಾರು ಮಾಡುತ್ತದೆ. ಹೊತ್ತು ನೋಡಿಕೊಂಡು ಕೈ ಕೊಡುವುದು ಬಿಸಿ. ಬಹುತೇಕ ಪ್ರೊಜೆಕ್ಟರ್‌ಗಳ ಕೈಪಿಡಿಯಲ್ಲಿ ಕೆಲಸಕ್ಕೆ ಹೇಳಿರುವ ಉಷ್ಣಾಂಶ 5ರಿಂದ 35 ಡಿಗ್ರಿ, ಕೆಲವಕ್ಕೆ 40. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಏಪ್ರಿಲ್ ಬಂತೆಂದರೆ ನೆರಳಲ್ಲೇ 40 ದಾಟುತ್ತದೆ. ನಿಮ್ಮದು ನೇತಾಡುತ್ತಿರುವುದು ಕಾದ ಆರ್‌ಸಿಸಿ ಛಾವಣಿಯ ಕೆಳಗೆ, ಕೋಣೆಯ ಬಿಸಿಗಾಳಿಯೆಲ್ಲ ಮೇಲೇರಿ ನಿಲ್ಲುವ ಜಾಗದಲ್ಲಿ. ಮಕ್ಕಳು ಕೂತ ಎತ್ತರಕ್ಕಿಂತ ಅಲ್ಲಿ ಕೆಲವು ಡಿಗ್ರಿ ಹೆಚ್ಚೇ ಇರುತ್ತದೆ. ಪೆಟ್ಟಿಗೆಯೊಳಗೆ ಸುಮಾರು 200 ವ್ಯಾಟಿನ ಲ್ಯಾಂಪು ಬೇರೆ ಉರಿಯುತ್ತಿರುತ್ತದೆ. ಅದನ್ನು ತಣಿಸುವುದು ಒಳಗಿನ ಫ್ಯಾನುಗಳು ಮಾತ್ರ, ಅವಕ್ಕೆ ಬರುವ ಗಾಳಿಯ ದಾರಿಯಲ್ಲಿ ಮಿಲ್ಲಿನ ಧೂಳು ಕೂತಿದೆ.

ಹಾಗಾಗಿ ನೋಡುವ ಕ್ರಮ ಇದು: ಮೊದಲು ಗಾಳಿ, ಆಮೇಲೆ ಕರೆಂಟು, ಆಮೇಲೆ ಕೇಬಲ್ಲು, ಕೊನೆಗೆ ಲ್ಯಾಂಪು. ಅಂಗಡಿಗಳಲ್ಲಿ ಇದು ತಿರುಗುಮುರುಗಾಗಿ ನಡೆಯುತ್ತದೆ. ಲ್ಯಾಂಪ್ ಬದಲಿಸುವುದು ಹತ್ತು ನಿಮಿಷದ ಕೆಲಸ, ಬಿಲ್ಲು ದೊಡ್ಡದು.

ಮೊದಲು ಆ ಕೆಂಪು ಲೈಟು ಯಾವುದೆಂದು ಓದಿ. ಪ್ರೊಜೆಕ್ಟರ್ ಮೇಲೆ ಸಾಮಾನ್ಯವಾಗಿ ಮೂರು ಸಣ್ಣ ದೀಪ ಇರುತ್ತವೆ: ಪವರ್, ಲ್ಯಾಂಪ್, ಟೆಂಪ್. ಮಿನುಗುತ್ತಿರುವುದು ಟೆಂಪ್ ಆಗಿ, ಚಿತ್ರ ಹೋದ ಮೇಲೂ ಫ್ಯಾನು ಜೋರಾಗಿ ತಿರುಗುತ್ತಿದ್ದರೆ ಅದು ಬಿಸಿಯಿಂದ ತನ್ನನ್ನು ತಾನು ಕಾಪಾಡಿಕೊಂಡಿದೆ ಅಂತ ಅರ್ಥ. ಆಗ ಪ್ಲಗ್ ಕೀಳಬೇಡಿ. ಫ್ಯಾನು ತಾನಾಗಿ ನಿಲ್ಲುವವರೆಗೆ ಬಿಡಿ, ಇನ್ನೂ ಹತ್ತು ನಿಮಿಷ ಬಿಟ್ಟು ಹಚ್ಚಿ. ಲ್ಯಾಂಪ್ ದೀಪ ಕೆಂಪಾದರೆ ಲ್ಯಾಂಪು, ಅದನ್ನು ಹೊತ್ತಿಸುವ ಬ್ಯಾಲಸ್ಟು ಅಥವಾ ಲ್ಯಾಂಪಿನ ಮುಚ್ಚಳದ ಸ್ವಿಚ್ಚು, ಇವುಗಳಲ್ಲೊಂದು. ಯಾವ ದೀಪವೂ ಉಳಿಯದೆ ಎಲ್ಲವೂ ಒಮ್ಮೆಲೇ ಸತ್ತರೆ ಪವರ್ ಬೋರ್ಡು ಅಥವಾ ಗೋಡೆಯ ಸಾಕೆಟ್ಟು. ಇನ್ನೊಂದು ಸಣ್ಣ ಸಂಗತಿ: ಕೆಂಪು ಲೈಟೇ ಇಲ್ಲದೆ ಪ್ರತಿಸಲವೂ ಗಡಿಯಾರ ಹಿಡಿದಂತೆ ಅದೇ ನಿಮಿಷಕ್ಕೆ ಬಂದ್ ಆಗುತ್ತಿದ್ದರೆ ಅದು ರೋಗವೇ ಅಲ್ಲ, ಮೆನುವಿನಲ್ಲಿ ಯಾರೋ ಸ್ಲೀಪ್ ಟೈಮರ್ ಅಥವಾ ಆಟೊ ಪವರ್ ಆಫ್ ಹಾಕಿಟ್ಟಿರುತ್ತಾರೆ. ನಿಮ್ಮದು ಅದಲ್ಲ, ಆದರೂ ಬೇರೆಯವರಿಗೆ ಗೊತ್ತಿರಲಿ. ದೀಪ ಎಷ್ಟು ಸಲ ಮಿನುಗಿದರೆ ಏನರ್ಥ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ, ನಿಮ್ಮ ಮಾಡೆಲ್ಲಿನ ಕೈಪಿಡಿಯನ್ನೇ ನೋಡಬೇಕು. ಕಂಪನಿಗಳ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ.

ಈಗ ಗಾಳಿಯ ಪರೀಕ್ಷೆ. ನೋಟ್‌ಬುಕ್ಕಿನ ಹಾಳೆಯಿಂದ ಅಂಗೈ ಅಗಲದ ಒಂದು ಚೂರು ಹರಿದುಕೊಳ್ಳಿ. ಪ್ರೊಜೆಕ್ಟರ್ ನಡೆಯುವಾಗ ಗಾಳಿ ಒಳಗೆ ಹೋಗುವ ಜಾಲರಿಗೆ ಅದನ್ನು ಹತ್ತಿರ ಹಿಡಿಯಿರಿ. ಕಾಗದ ಜಾಲರಿಗೆ ಅಂಟಿಕೊಂಡು ನಿಲ್ಲಬೇಕು. ಅಂಟದೆ ಜಾರಿ ಬಿದ್ದರೆ ಒಳದಾರಿ ಕಟ್ಟಿದೆ ಇಲ್ಲವೇ ಫ್ಯಾನು ಸೋತಿದೆ. ನೋಡಿದ ಕೂಡಲೇ ಕಾಗದ ತೆಗೆಯಿರಿ. ಹೊರಗೆ ಬರುವ ಜಾಲರಿಯ ಮುಂದೆ ಹಿಡಿದರೆ ಕಾಗದ ಹಾರಬೇಕು. ಬರೀ ಬಿಸಿ ತಾಗುತ್ತಿದ್ದು ಗಾಳಿಯ ರಭಸ ಇಲ್ಲದಿದ್ದರೂ ಅದೇ ಮಾತು. ಟೇಬಲ್ ಮೇಲೆ ಇಟ್ಟು ಬಳಸುವವರಿಗೆ ಒಂದು ಎಚ್ಚರಿಕೆ: ಎಷ್ಟೋ ಮಾಡೆಲ್ಲುಗಳಲ್ಲಿ ಗಾಳಿ ಎಳೆಯುವ ಬಾಯಿ ತಳದಲ್ಲಿರುತ್ತದೆ, ಕೆಳಗೆ ಹಾಸಿದ ಟೇಬಲ್ ಬಟ್ಟೆ ಮೇಲೆದ್ದು ಅದಕ್ಕೇ ಅಂಟಿಕೊಳ್ಳುತ್ತದೆ. ಬರೀ ಹಲಗೆಯ ಮೇಲೆ ಇಡಿ. ಗೋಡೆಗೂ ಪ್ರೊಜೆಕ್ಟರಿಗೂ ನಡುವೆ ಕನಿಷ್ಠ ಒಂದು ಅಡಿ ಬಿಡಿ.

ಸ್ವಚ್ಛ ಮಾಡುವ ಮೊದಲು ನಿಮ್ಮದು ಯಾವ ಜಾತಿಯ ಪ್ರೊಜೆಕ್ಟರ್ ಎಂದು ತಿಳಿದಿರಬೇಕು. ಮೈಮೇಲೆ ‘ಡಿಎಲ್‌ಪಿ’ ಅಥವಾ ‘3ಎಲ್‌ಸಿಡಿ’ ಎಂಬ ಗುರುತು ಇರುತ್ತದೆ. ಸ್ಟಿಕ್ಕರ್ ಕಿತ್ತು ಹೋಗಿದ್ದರೆ ಬಿಳಿ ಪರದೆಯ ಮುಂದೆ ಪೆನ್ನೊಂದನ್ನು ಬೀಸಣಿಗೆಯಂತೆ ಜೋರಾಗಿ ಆಡಿಸಿ. ಪೆನ್ನಿನ ನೆರಳಿನ ಅಂಚಿಗೆ ಕೆಂಪು, ಹಸಿರು, ನೀಲಿ ಬಿಡಿಬಿಡಿಯಾಗಿ ಕಂಡರೆ ಡಿಎಲ್‌ಪಿ. ಅದರಲ್ಲಿ ಬಣ್ಣದ ಚಕ್ರವೊಂದು ಸುತ್ತುತ್ತ ಮೂರೂ ಬಣ್ಣಗಳನ್ನು ಒಂದಾದ ಮೇಲೊಂದು ಚೆಲ್ಲುತ್ತದೆ, ನಿಂತು ನೋಡುವ ಕಣ್ಣಿಗೆ ಅವು ಕೂಡಿ ಬೆಳ್ಳಗಾಗುತ್ತವೆ. ಬಣ್ಣ ಒಡೆಯದಿದ್ದರೆ 3ಎಲ್‌ಸಿಡಿ. ಅದರಲ್ಲಿ ಮೂರು ಬಣ್ಣಕ್ಕೆ ಮೂರು ಗಾಜಿನ ಪ್ಯಾನೆಲ್ಲು, ಗಾಳಿ ಅವುಗಳ ಮೈಮೇಲೆಯೇ ಹಾಯುತ್ತದೆ. ಆದ್ದರಿಂದ 3ಎಲ್‌ಸಿಡಿಗೆ ಏರ್ ಫಿಲ್ಟರ್ ಕಡ್ಡಾಯ. ಡಿಎಲ್‌ಪಿಯ ಮುಖ್ಯ ಭಾಗ ಮುಚ್ಚಿಕೊಂಡಿರುವುದರಿಂದ ಎಷ್ಟೋ ಮಾಡೆಲ್ಲಿಗೆ ಫಿಲ್ಟರೇ ಇರುವುದಿಲ್ಲ. ಅದಕ್ಕೆ ಧೂಳೇ ತಾಗುವುದಿಲ್ಲ ಎಂದಲ್ಲ. ಫ್ಯಾನಿನ ರೆಕ್ಕೆ, ಲ್ಯಾಂಪಿನ ಗೂಡು, ಬಣ್ಣದ ಚಕ್ರ ಎಲ್ಲಕ್ಕೂ ಕೂರುತ್ತದೆ.

ನಮ್ಮ ಮೂರು ಜಿಲ್ಲೆಗಳಲ್ಲಿ ಧೂಳು ಒಂದೇ ಬಗೆಯದಲ್ಲ, ತೆಗೆಯುವ ರೀತಿಯೂ ಒಂದೇ ಅಲ್ಲ. ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲುಗಳ ಆಸುಪಾಸಿನಲ್ಲಿ ನೂಲಿನಂಥ ಎಳೆ ಬಂದು ಫಿಲ್ಟರಿನ ಮೇಲೆ ಕಂಬಳಿಯಂತೆ ಹೆಪ್ಪುಗಟ್ಟುತ್ತದೆ. ಬೇಗ ಕಟ್ಟುತ್ತದೆ, ಆದರೆ ಬೆರಳಲ್ಲಿ ಹಿಡಿದು ಎಳೆದರೆ ಪದರವಾಗಿ ಬರುತ್ತದೆ. ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಕಡೆಯ ಹಾರುಬೂದಿ ಬಲು ಸಣ್ಣ, ಫಿಲ್ಟರನ್ನೂ ದಾಟಿ ಒಳಗಿನ ಗಾಜಿನವರೆಗೆ ಹೋಗುತ್ತದೆ. ಸಂಡೂರು, ತೋರಣಗಲ್ಲು ಭಾಗದ ಅದಿರಿನ ಕೆಂಪು ಧೂಳು ಗಟ್ಟಿ ಕಣಗಳದ್ದು. ಲೆನ್ಸಿನ ಮೇಲೆ ಕೂತದ್ದನ್ನು ಒಣಬಟ್ಟೆಯಿಂದ ತಿಕ್ಕಿದರೆ ಗೀರು ಗ್ಯಾರಂಟಿ. ಇನ್ನು ನಿಮ್ಮದು, ಕಾರಟಗಿ, ಗಂಗಾವತಿ, ಸಿಂಧನೂರು ಕಡೆಯದು: ಹೊಟ್ಟಿನ ಬೂದಿ ಮತ್ತು ತೌಡಿನ ಪುಡಿ. ಇವೆರಡರಲ್ಲಿ ತೊಂದರೆ ಕೊಡುವುದು ತೌಡು. ಅದರಲ್ಲಿ ಎಣ್ಣೆಯ ಅಂಶ ಇದೆ. ಬಿಸಿ ತಾಗಿದ ಜಾಗದಲ್ಲಿ ಅದು ಜಿಡ್ಡಾಗಿ ಅಂಟಿ ಕೂರುತ್ತದೆ, ಅದರ ಮೇಲೆ ಬೂದಿ ಮೆತ್ತಿಕೊಳ್ಳುತ್ತದೆ. ಬರೀ ಗಾಳಿ ಊದಿದರೆ ಮೇಲಿನ ಪದರ ಹಾರಿ ಕೆಳಗಿನದು ಹಾಗೇ ಉಳಿಯುತ್ತದೆ. ‘ಬ್ಲೋವರ್ ಹೊಡೆಸಿದ್ದೇವೆ, ಆದರೂ ಬಂದ್ ಆಗ್ತದೆ’ ಎನ್ನುವವರ ಕಷ್ಟಕ್ಕೆ ಹೆಚ್ಚಾಗಿ ಕಾರಣ ಇದೇ.

ಮಾಡುವ ವಿಧಾನ ಹೀಗೆ. ಪ್ಲಗ್ ಕಿತ್ತು ಒಂದು ಗಂಟೆ ಆರಲು ಬಿಡಿ, ಪ್ರೊಜೆಕ್ಟರನ್ನು ಕೆಳಗಿಳಿಸಿ. ಫಿಲ್ಟರ್ ಇದ್ದರೆ ಅದರ ಮುಚ್ಚಳ ಪಕ್ಕದಲ್ಲೋ ತಳದಲ್ಲೋ ಇರುತ್ತದೆ, ಉಗುರಿನಿಂದ ಎಳೆದರೆ ಬರುತ್ತದೆ. ಫಿಲ್ಟರನ್ನು ಬಿಸಿಲಿಗೆ ಹಿಡಿದು ನೋಡಿ, ಬೆಳಕು ಆಚೆಯಿಂದ ಈಚೆಗೆ ಬರದಿದ್ದರೆ ಅದು ಸತ್ತಂತೆ. ವ್ಯಾಕ್ಯೂಮ್ ಕ್ಲೀನರ್ ಸಿಕ್ಕರೆ ಹೊರಮುಖದಿಂದ ಎಳೆಯಿರಿ, ಇಲ್ಲದಿದ್ದರೆ ಶಾಲೆಯ ಹೊರಗೆ ಒಯ್ದು ಮೆತ್ತನೆಯ ಬಣ್ಣದ ಬ್ರಷ್‌ನಿಂದ ಕೊಡವಿ. ನೀರಲ್ಲಿ ತೊಳೆಯಬಹುದು ಎಂದು ಕೈಪಿಡಿ ಹೇಳದಿದ್ದರೆ ತೊಳೆಯಬೇಡಿ. ಕೆಲವು ಫಿಲ್ಟರುಗಳು ಧೂಳನ್ನು ವಿದ್ಯುತ್ ಸೆಳೆತದಿಂದ ಹಿಡಿಯುವ ಬಟ್ಟೆಯವು, ತೊಳೆದರೆ ಆ ಗುಣ ಹೋಗುತ್ತದೆ. ಹರಿದಿದ್ದರೆ ಹೊಸದು ಹಾಕಿ, ಲ್ಯಾಂಪಿನ ಮುಂದೆ ಅದರ ಬೆಲೆ ಏನೂ ಅಲ್ಲ. ಫಿಲ್ಟರ್ ತೆಗೆದಿಟ್ಟು ‘ಈಗ ಗಾಳಿ ಚೆನ್ನಾಗಿ ಆಡ್ತದೆ’ ಎಂದು ಹಾಗೇ ನಡೆಸುವವರಿದ್ದಾರೆ. ಒಂದು ಸುಗ್ಗಿ ಕಳೆಯುವಷ್ಟರಲ್ಲಿ ಪ್ಯಾನೆಲ್ ಹಾಳಾಗಿರುತ್ತದೆ.

ಜಾಲರಿ, ಫ್ಯಾನಿನ ರೆಕ್ಕೆಗಳನ್ನು ಒಣ ಬ್ರಷ್‌ನಿಂದ ಮೊದಲು ಸಡಿಲ ಮಾಡಿ, ಆಮೇಲೆ ಕಂಪ್ಯೂಟರ್ ಅಂಗಡಿಯ ಬ್ಲೋವರಿನಿಂದ ಊದಿ. ಊದುವಾಗ ಎರಡು ಮಾತು ನೆನಪಿಡಿ. ಒಂದು, ಫ್ಯಾನು ತಿರುಗದಂತೆ ಪೆನ್ಸಿಲ್ ತುದಿಯಿಂದ ರೆಕ್ಕೆ ಹಿಡಿದಿರಿ. ಬ್ಲೋವರಿನ ಗಾಳಿಗೆ ಅದು ಮಿತಿಮೀರಿ ತಿರುಗಿದರೆ ಬೇರಿಂಗು ಹೋಗುತ್ತದೆ. ಎರಡು, ಗಾಳಿ ಹೊರಗೆ ಬರುವ ಕಡೆಯಿಂದ ಒಳಕ್ಕೆ ಊದಿ, ಧೂಳು ಬಂದ ದಾರಿಯಲ್ಲೇ ವಾಪಸ್ ಹೋಗಲಿ. ಲೆನ್ಸಿನ ಕಡೆ ಈ ಬ್ಲೋವರ್ ತಿರುಗಿಸಲೇಬಾರದು. ಪಂಕ್ಚರ್ ಅಂಗಡಿಯ ಕಂಪ್ರೆಸರ್‌ಗೆ ಒಯ್ಯಲೇಬೇಡಿ, ಆ ಗಾಳಿಯ ಜೊತೆ ನೀರಿನ ಹನಿಯೂ ಎಣ್ಣೆಯೂ ಬರುತ್ತವೆ, ಒತ್ತಡವೂ ವಿಪರೀತ. ಸ್ಪ್ರೇ ಡಬ್ಬಿಯ ಗಾಳಿಯೂ ಬೇಡ, ಅದರಲ್ಲಿ ಉರಿಯುವ ಅನಿಲ ಇರಬಹುದು, ಲ್ಯಾಂಪಿನ ಹತ್ತಿರ ಅಪಾಯ. ಪೆಟ್ಟಿಗೆಯ ಒಳಮೈಯನ್ನು ಪೂರ್ತಿ ಬಿಚ್ಚುವುದು ಮಾತ್ರ ಕಲಿತವರ ಕೆಲಸ, ಬ್ಯಾಲಸ್ಟ್ ಬೋರ್ಡಿನಲ್ಲಿ ಪ್ಲಗ್ ಕಿತ್ತ ಮೇಲೂ ಕರೆಂಟು ಉಳಿದಿರುತ್ತದೆ.

ಇಷ್ಟು ಮಾಡಿ ಮತ್ತೆ ಛಾವಣಿಗೆ ಏರಿಸುವಾಗ ಪೈಪನ್ನು ಒಂದೂವರೆ ಅಡಿ ಉದ್ದ ಮಾಡಿಸಿ ಕೆಳಕ್ಕೆ ಇಳಿಸಿದರೆ ಒಳ್ಳೆಯದು. ಮೆನುವಿನಲ್ಲಿ ಲ್ಯಾಂಪನ್ನು ‘ಇಕೊ’ಗೆ ಹಾಕಿ. ಬೆಳಕು ಸ್ವಲ್ಪ ಇಳಿಯುತ್ತದೆ, ಬಿಸಿಯೂ ಇಳಿಯುತ್ತದೆ, ಲ್ಯಾಂಪಿನ ಆಯಸ್ಸು ಹೆಚ್ಚುತ್ತದೆ. ಜೊತೆಗೆ ‘ಹೈ ಆಲ್ಟಿಟ್ಯೂಡ್ ಮೋಡ್’ ಎಂಬುದೊಂದಿದೆ, ಅದನ್ನು ಆನ್ ಮಾಡಿ. ಇದು ಸುಮಾರು 1500 ಮೀಟರ್‌ಗಿಂತ ಎತ್ತರದ ಊರುಗಳಿಗೆಂದು ಇಟ್ಟದ್ದು. ಅಲ್ಲಿ ಗಾಳಿ ತೆಳು, ಅದಕ್ಕೆ ಫ್ಯಾನು ಹೆಚ್ಚು ವೇಗವಾಗಿ ತಿರುಗಬೇಕು. ನಮ್ಮೂರಲ್ಲಿ ಬೆಟ್ಟವಿಲ್ಲದಿದ್ದರೂ ಬಿಸಿಲಿದೆ, ಆ ಹೆಚ್ಚುವರಿ ಗಾಳಿ ನಮಗೂ ಬೇಕು. ಸದ್ದು ಜಾಸ್ತಿಯಾಗುತ್ತದೆ, ಹಿಂದಿನ ಬೆಂಚಿನವರಿಗೆ ನೀವು ಸ್ವಲ್ಪ ಗಟ್ಟಿಯಾಗಿ ಹೇಳಬೇಕಾದೀತು. ಮಿಲ್ಲು ನಡೆಯುವ ಸುಗ್ಗಿ ದಿನಗಳಲ್ಲಿ ಹದಿನೈದು ದಿನಕ್ಕೊಮ್ಮೆ, ಉಳಿದಂತೆ ತಿಂಗಳಿಗೊಮ್ಮೆ ಫಿಲ್ಟರ್ ಕೊಡವಿದರೆ ಸಾಕು. ಬಳಸದ ದಿನಗಳಲ್ಲಿ ಹತ್ತಿ ಬಟ್ಟೆಯ ಚೀಲವೊಂದನ್ನು ಹೊಲಿಸಿ ಮುಚ್ಚಿ. ಹಚ್ಚುವಾಗ ಅದನ್ನು ತೆಗೆಯುವುದನ್ನು ಮಾತ್ರ ಮರೆಯಬಾರದು.

ಕರೆಂಟಿನ ವಿಷಯಕ್ಕೆ ಬರೋಣ. ನಡುವೆ ಹೋಗಿ ಬಂದರೆ ಹತ್ತುವುದಿಲ್ಲ ಎಂದಿರಿ. ಹತ್ತಬಾರದು ಕೂಡ. ಈ ಲ್ಯಾಂಪಿನೊಳಗೆ ಪಾದರಸದ ಆವಿ ಇದೆ, ಉರಿಯುವಾಗ ಒತ್ತಡ ಸುಮಾರು 200 ವಾತಾವರಣದಷ್ಟು ಏರುತ್ತದೆ. ಬಿಸಿ ಇರುವಾಗ ಆ ಒತ್ತಡದಲ್ಲಿ ಕಿಡಿ ಹಾಯುವುದಿಲ್ಲ. ನೀವು ಪವರ್ ಬಟನ್ ಒತ್ತಿ ಒತ್ತಿ ಪ್ರಯತ್ನಿಸಿದಷ್ಟೂ ಒಳಗಿನ ಎಲೆಕ್ಟ್ರೋಡು ಸವೆಯುತ್ತದೆ. ಕರೆಂಟು ಹೋದ ಕೂಡಲೇ ಪ್ಲಗ್ ಕೀಳಿ. ಬಂದ ಮೇಲೆ ಐದು ನಿಮಿಷ ಬಿಟ್ಟು ಪ್ಲಗ್ ಹಾಕಿ, ಒಟ್ಟು ಹತ್ತು ನಿಮಿಷ ಆದ ಮೇಲೆ ಹಚ್ಚಿ. ಕಡಿಮೆ ವೋಲ್ಟೇಜಿಗೆ ಹೆದರಬೇಡಿ, ಹೆಚ್ಚಿನ ಪ್ರೊಜೆಕ್ಟರ್‌ಗಳು 100ರಿಂದ 240 ವೋಲ್ಟ್‌ವರೆಗೆ ತಾಳುತ್ತವೆ, ಸ್ಟೆಬಿಲೈಸರ್ ಬೇಕಿಲ್ಲ. ಪೆಟ್ಟು ಕೊಡುವುದು ಕರೆಂಟು ವಾಪಸ್ ಬರುವ ಕ್ಷಣದ ಝಟಕಾ. ಐದು ನಿಮಿಷ ಕಾಯಿರಿ ಎಂದದ್ದು ಅದಕ್ಕೆ.

ಕರೆಂಟು ಹೋದಾಗ ಲ್ಯಾಂಪಿಗೆ ಆಗುವ ನಿಜವಾದ ಹಾನಿ ಬೇರೆ: ಫ್ಯಾನೂ ಜೊತೆಗೇ ನಿಲ್ಲುತ್ತದೆ, ಕಾದ ಲ್ಯಾಂಪು ತನ್ನ ಬಿಸಿಯಲ್ಲೇ ಬೇಯುತ್ತದೆ. ಇದನ್ನು ತಪ್ಪಿಸಲು ಒಂದು ಯುಪಿಎಸ್ ಇದ್ದರೆ ಸಾಕು, ಆದರೆ ಅದರಿಂದ ಏನನ್ನು ನಿರೀಕ್ಷಿಸಬೇಕೆಂದು ತಿಳಿದಿರಲಿ. 600 ವಿಎ ಯುಪಿಎಸ್ ಹೊರಗೆ ಕೊಡುವುದು ಸುಮಾರು 360 ವ್ಯಾಟು. ನಿಮ್ಮಂಥ ಪ್ರೊಜೆಕ್ಟರ್ ತಿನ್ನುವುದು 250ರಿಂದ 300. ಒಳಗಿರುವ 12 ವೋಲ್ಟ್, 7 ಎಎಚ್ ಬ್ಯಾಟರಿ ಆ ಹೊರೆಗೆ ನಾಲ್ಕೈದು ನಿಮಿಷ ನಿಂತರೆ ಹೆಚ್ಚು. ಪಾಠ ಮುಗಿಸಲು ಆಗುವುದಿಲ್ಲ, ರಿಮೋಟ್‌ನಿಂದ ಪವರ್ ಎರಡು ಸಲ ಒತ್ತಿ ಫ್ಯಾನು ತಿರುಗಿ ಆರುವವರೆಗೆ ಕಾಯಲು ಸಾಕು. ಅದೇ ಯುಪಿಎಸ್ಸಿಗೆ ಲ್ಯಾಪ್‌ಟಾಪ್, ಸ್ಪೀಕರ್ ಸಿಕ್ಕಿಸಬೇಡಿ. ಚೌಕದಲೆಯ (ಸ್ಕ್ವೇರ್ ವೇವ್) ಹಳೆಯ ಇನ್ವರ್ಟರ್‌ನಿಂದ ನಡೆಸುವುದೂ ಬೇಡ. ಸೈನ್ ವೇವ್ ಇನ್ವರ್ಟರ್ ಇದ್ದರೆ ಪರವಾಗಿಲ್ಲ.

ಅರ್ಥಿಂಗ್ ಒಂದು ಸಲ ಎಲೆಕ್ಟ್ರಿಷಿಯನ್‌ನಿಂದ ತಪಾಸಣೆ ಮಾಡಿಸಿ. ಶಾಲೆಗಳಲ್ಲಿ ಪ್ಲಗ್ಗಿನ ಮೂರನೇ ಪಿನ್ ಮುರಿದು ಬಳಸುವುದು ಸಾಮಾನ್ಯ. ಲ್ಯಾಪ್‌ಟಾಪ್ ಚಾರ್ಜಿಗಿದ್ದಾಗ ಮೈ ಮುಟ್ಟಿದರೆ ಜುಮ್ಮೆನ್ನುತ್ತದೆಯೇ? ಪರದೆಯ ಮೇಲೆ ಅಡ್ಡ ಪಟ್ಟೆಗಳು ನಿಧಾನವಾಗಿ ಮೇಲೆ ಕೆಳಗೆ ಜಾರುತ್ತವೆಯೇ? ಚಾರ್ಜರ್ ಕಿತ್ತು ನೋಡಿ. ಪಟ್ಟೆ ಮಾಯವಾದರೆ ತಪ್ಪು ಅರ್ಥಿಂಗಿನದು. ಲ್ಯಾಪ್‌ಟಾಪು, ಪ್ರೊಜೆಕ್ಟರು ಎರಡಕ್ಕೂ ಕರೆಂಟು ಒಂದೇ ಸ್ವಿಚ್ ಬೋರ್ಡಿನಿಂದ ಬರುವಂತೆ ಮಾಡಿ. ಎಚ್‌ಡಿಎಂಐ ಪೋರ್ಟುಗಳು ಸುಡುವುದಕ್ಕೆ ದೊಡ್ಡ ಕಾರಣ ಇದೇ, ಅದಕ್ಕೇ ಕೇಬಲ್ ಸಿಕ್ಕಿಸುವಾಗ ಚಾರ್ಜರ್ ತೆಗೆದಿರುವುದು ಕ್ಷೇಮ.

‘ನೋ ಸಿಗ್ನಲ್’ಗೆ ಮೊದಲು ಸುಲಭದ್ದು: ವಿಂಡೋಸ್ ಕೀ ಹಿಡಿದು ‘ಪಿ’ ಒತ್ತಿ, ಬರುವ ಪಟ್ಟಿಯಲ್ಲಿ ‘ಡುಪ್ಲಿಕೇಟ್’ ಆರಿಸಿ. ಪ್ರೊಜೆಕ್ಟರಿನ ಸೋರ್ಸ್ ಬಟನ್ ಒತ್ತಿ ಕೇಬಲ್ ಯಾವ ಬಾಯಿಗಿದೆಯೋ ಅದನ್ನೇ ಆರಿಸಿ. ಇದಾದ ಮೇಲೂ ಬಂದು ಹೋಗುತ್ತಿದ್ದರೆ ಅನುಮಾನ ಕನ್ವರ್ಟರಿನ ಮೇಲೆ. ಎಚ್‌ಡಿಎಂಐಯಿಂದ ವಿಜಿಎಗೆ ಹೋಗುವುದೇ ಒಂದು, ವಿಜಿಎಯಿಂದ ಎಚ್‌ಡಿಎಂಐಗೆ ಬರುವುದೇ ಇನ್ನೊಂದು. ನೋಡಲು ಅಣ್ಣತಮ್ಮಂದಿರಂತಿದ್ದರೂ ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ನಿಮಗೆ ಬೇಕಾದ್ದು ಮೊದಲನೆಯದು. ಅಗ್ಗದ ಕನ್ವರ್ಟರುಗಳು ಲ್ಯಾಪ್‌ಟಾಪಿನ ಎಚ್‌ಡಿಎಂಐ ಬಾಯಿಂದಲೇ ಕರೆಂಟು ಹೀರುತ್ತವೆ, ಕಾದಾಗ ಸಿಗ್ನಲ್ ಬಿಡುತ್ತವೆ. ಪಕ್ಕದಲ್ಲಿ ಯುಎಸ್‌ಬಿ ಬಾಲ ಇರುವಂಥದ್ದನ್ನು ಕೊಂಡು ಆ ಬಾಲವನ್ನೂ ಸಿಕ್ಕಿಸಿ. ಡಿಟಿಎಚ್ ಪೆಟ್ಟಿಗೆಗೆ ಇದೇ ಕನ್ವರ್ಟರ್ ಹಾಕಿ ಪರದೆ ಕಪ್ಪಾದರೆ ಗಾಬರಿ ಬೇಡ, ಅದು ನಕಲು ತಡೆಯುವ ಬೀಗ, ಕೆಟ್ಟಿದ್ದಲ್ಲ.

ಗೋಡೆಯೊಳಗೆ ಹಾಯಿಸಿದ ಉದ್ದ ಕೇಬಲ್ಲನ್ನು ದೂರುವ ಮೊದಲು ಲ್ಯಾಪ್‌ಟಾಪನ್ನೇ ಪ್ರೊಜೆಕ್ಟರ್ ಹತ್ತಿರ ಒಯ್ದು ಒಂದೂವರೆ ಮೀಟರ್ ಕೇಬಲ್ಲಿನಿಂದ ನೋಡಿ. ಅಲ್ಲಿ ಬಂದರೆ ಗೋಡೆಯ ಕೇಬಲ್ಲೇ ಕಳ್ಳ. ಸಾದಾ ಎಚ್‌ಡಿಎಂಐ ಕೇಬಲ್ 10 ಮೀಟರ್ ದಾಟಿತೆಂದರೆ ಭರವಸೆ ಇಲ್ಲ, ನಡುವೆ ಜಾಯಿಂಟ್ ಇದ್ದರೆ ಇನ್ನೂ ಕಷ್ಟ.

ಮಸುಕಿಗೆ ಎರಡು ಮೂರು ಕಾರಣ ಕೂಡಿರಬಹುದು. ಹಳೆಯ ಪ್ರೊಜೆಕ್ಟರಿನ ಸ್ವಂತ ರೆಸಲ್ಯೂಶನ್ ಹೆಚ್ಚಾಗಿ 1024×768. ಹೊಸ ಲ್ಯಾಪ್‌ಟಾಪು ಕಳಿಸುವುದು 1920×1080. ಅದನ್ನು ಕುಗ್ಗಿಸಿ ತೋರಿಸುವಾಗ ಅಕ್ಷರದ ಅಂಚು ಕರಗುತ್ತದೆ, ಕನ್ನಡದ ಒತ್ತಕ್ಷರಗಳಂತೂ ಮುದ್ದೆಯಾಗುತ್ತವೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1024×768 ಆರಿಸಿದರೆ ತಟ್ಟನೆ ಚೊಕ್ಕಟವಾಗುತ್ತದೆ. ಕೀಸ್ಟೋನ್ (ಚಿತ್ರದ ಓರೆ ತಿದ್ದುವ ಸೆಟ್ಟಿಂಗ್) ಹೆಚ್ಚು ಎಳೆದಿದ್ದರೂ ಇದೇ ಕಥೆ. ಅದನ್ನು ಸೊನ್ನೆಗೆ ತಂದು ಪ್ರೊಜೆಕ್ಟರನ್ನೇ ಪರದೆಗೆ ನೇರವಾಗಿ ತಿರುಗಿಸಿ. ಒಂದು ಬದಿ ಸ್ಪಷ್ಟ, ಇನ್ನೊಂದು ಬದಿ ಮಸುಕು ಇದ್ದರೆ ಫೋಕಸ್ ಚಕ್ರದ ತಪ್ಪಲ್ಲ, ಪೆಟ್ಟಿಗೆ ಓರೆಯಾಗಿದೆ. ಇನ್ನು ಲೆನ್ಸು: ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ತೌಡಿನ ಪೊರೆ ಕಾಣುತ್ತದೆ. ರಬ್ಬರ್ ಬಲ್ಬಿನ ಬ್ಲೋವರಿನಿಂದ ಮೊದಲು ಕಣ ಹಾರಿಸಿ, ಆಮೇಲೆ ಕ್ಯಾಮೆರಾ ಲೆನ್ಸಿನ ದ್ರಾವಣ ಒಂದು ಹನಿಯನ್ನು ಮೈಕ್ರೋಫೈಬರ್ ಬಟ್ಟೆಗೆ ಹಾಕಿ ನಡುವಿನಿಂದ ಅಂಚಿಗೆ ಸುತ್ತುತ್ತ ಒರೆಸಿ. ಸೆರಗು, ಕರ್ಚೀಫು, ಕಿಟಕಿ ಗಾಜಿನ ಸ್ಪ್ರೇ ಯಾವುದೂ ಬೇಡ.

ಇನ್ನೊಂದು ಮಾತು, ಪ್ರೊಜೆಕ್ಟರ್ ಕಪ್ಪನ್ನು ಸೃಷ್ಟಿಸಲಾರದು. ಅದು ಆಫ್ ಇದ್ದಾಗ ನಿಮ್ಮ ಪರದೆ ಎಷ್ಟು ಬೆಳ್ಳಗೆ ಕಾಣುತ್ತದೋ ಚಿತ್ರದ ಅತಿ ಕಪ್ಪು ಭಾಗವೂ ಅಷ್ಟೇ ಬೆಳ್ಳಗಿರುತ್ತದೆ. ಮಧ್ಯಾಹ್ನ ಪಶ್ಚಿಮದ ಕಿಟಕಿ ತೆರೆದಿಟ್ಟು ಲ್ಯಾಂಪನ್ನು ಬೈಯುವುದರಲ್ಲಿ ಅರ್ಥವಿಲ್ಲ. ಪರದೆಯ ಪಕ್ಕದ ಎರಡು ಕಿಟಕಿಗೆ ದಪ್ಪ ಬಟ್ಟೆ ಹಾಕಿಸಿ, ಹಿಂದಿನವು ತೆರೆದಿರಲಿ, ಗಾಳಿಯೂ ಬೇಕಲ್ಲ.

ಹಳದಿಯ ಮೂಲ ಹುಡುಕಲು ಒಂದೇ ಪರೀಕ್ಷೆ ಸಾಕು. ರಿಮೋಟಿನಲ್ಲಿ ಮೆನು ಬಟನ್ ಒತ್ತಿ. ಆ ಮೆನು ಪ್ರೊಜೆಕ್ಟರ್ ತಾನೇ ಬರೆಯುವಂಥದ್ದು, ಲ್ಯಾಪ್‌ಟಾಪಿಗೂ ಕೇಬಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಮೆನುವಿನ ಬಿಳಿ ಬೆಳ್ಳಗಿದ್ದು ಹಿಂದಿನ ಚಿತ್ರ ಮಾತ್ರ ಹಳದಿಯಾಗಿದ್ದರೆ ನೀಲಿ ಬಣ್ಣ ದಾರಿಯಲ್ಲೇ ಕಳೆದಿದೆ. ವಿಜಿಎ ಪ್ಲಗ್ಗಿನಲ್ಲಿ 15 ಪಿನ್ನು: ಒಂದನೆಯದು ಕೆಂಪು, ಎರಡನೆಯದು ಹಸಿರು, ಮೂರನೆಯದು ನೀಲಿ. ಮೂರನೆಯದು ಬಾಗಿದ್ದರೆ ಹಳದಿ, ಎರಡನೆಯದು ಬಾಗಿದ್ದರೆ ನೇರಳೆಗೆಂಪು, ಒಂದನೆಯದಾದರೆ ಎಲ್ಲವೂ ಹಸಿರುನೀಲಿ. ಸೂಜಿಮೂತಿಯ ಇಕ್ಕಳದಿಂದ ಮೆಲ್ಲಗೆ ನೇರ ಮಾಡಿದರೆ ಮುಗಿಯಿತು. ಎರಡನೇ ಸಾಲಿನಲ್ಲಿ ಒಂದು ಪಿನ್ ಇಲ್ಲದಿರುವುದು ಎಷ್ಟೋ ಕೇಬಲ್ಲಿನಲ್ಲಿ ಹುಟ್ಟಿನಿಂದಲೇ ಇರುವಂಥದ್ದು, ಮುರಿದಿದೆ ಎಂದು ತಿಳಿಯಬೇಡಿ. ಮೆನುವೂ ಒಂದೇ ಸಮನೆ ಹಳದಿಯಾಗಿದ್ದರೆ ಲ್ಯಾಂಪ್ ಮುದಿಯಾಗಿದೆ, ಅಥವಾ ಡಿಎಲ್‌ಪಿಯಲ್ಲಿ ಬಣ್ಣದ ಚಕ್ರ ಸೋತಿದೆ (ಕರಕರ ಸದ್ದೂ ಬರುತ್ತದೆ). ಒಂದೊಂದು ಕಡೆ ಮಾತ್ರ ಹಳದಿ ಅಥವಾ ನೀಲಿ ಕಲೆ ಇದ್ದರೆ ಅದು 3ಎಲ್‌ಸಿಡಿಯ ಪೋಲರೈಸರ್ ಹಾಳೆ ಸುಟ್ಟದ್ದು. ಬಿಸಿ ಮತ್ತು ಧೂಳಿನ ಕೊನೆಯ ಘಟ್ಟ ಅದು. ಪರದೆ ತುಂಬ ಚುಕ್ಕೆಚುಕ್ಕೆ ಬಿಳಿ ನಕ್ಷತ್ರ ಕಂಡರೆ ಡಿಎಲ್‌ಪಿಯ ಚಿಪ್ಪಿನಲ್ಲಿ ಸಣ್ಣ ಕನ್ನಡಿಗಳು ಸಿಕ್ಕಿಕೊಂಡಿವೆ. ಚಿಪ್ ಬದಲಿಸದೆ ಗತಿಯಿಲ್ಲ.

ಈಗ ಲ್ಯಾಂಪ್. ಮೆನುವಿನ ‘ಇನ್ಫೋ’ ಪುಟದಲ್ಲಿ ಲ್ಯಾಂಪ್ ಅವರ್ಸ್ ಇದೆ, ನೋಡಿ. ಇಂಥ ಲ್ಯಾಂಪುಗಳ ಆಯಸ್ಸು ಸಾಮಾನ್ಯ ಮೋಡಿನಲ್ಲಿ 3000ದಿಂದ 6000 ಗಂಟೆ, ಇಕೊದಲ್ಲಿ ಇನ್ನೂ ಹೆಚ್ಚು. ಆಯಸ್ಸು ಅಂದರೆ ಬೆಳಕು ಹೊಸದರ ಅರ್ಧಕ್ಕೆ ಇಳಿಯುವ ಹೊತ್ತು. ನಿಮ್ಮದು 2000ದ ಒಳಗಿದ್ದರೆ ಅಂಗಡಿಯವರ ಮಾತು ಪಕ್ಕಕ್ಕಿಡಿ. ಮಿತಿ ಸಮೀಪಿಸಿದ್ದರೆ ಬದಲಿಸುವುದೇ ಸರಿ. ಎಚ್ಚರಿಕೆ ಬರುತ್ತಿದೆಯೆಂದು ಲ್ಯಾಂಪ್ ಬದಲಿಸದೆ ಬರೀ ಗಂಟೆಯನ್ನು ಸೊನ್ನೆ ಮಾಡಿಸಿಕೊಳ್ಳಬೇಡಿ. ಅವಧಿ ಮೀರಿದ ಲ್ಯಾಂಪು ಒಡೆಯಬಹುದು, ಒಡೆದರೆ ಗಾಜಿನ ಚೂರು ಒಳಗೆಲ್ಲ ಹರಡಿ ಫ್ಯಾನಿಗೂ ಸಿಗುತ್ತದೆ, ಪಾದರಸದ ಆವಿ ಕೋಣೆಗೆ ಬರುತ್ತದೆ. ಹಾಗಾದರೆ ಮಕ್ಕಳನ್ನು ಹೊರಗೆ ಕಳಿಸಿ ಕಿಟಕಿ ಬಾಗಿಲು ತೆರೆದು ಅರ್ಧ ಗಂಟೆ ಬಿಡಿ.

ಬದಲಿಸುವುದು ಕಷ್ಟವಲ್ಲ. ಪ್ಲಗ್ ಕಿತ್ತು ಒಂದು ಗಂಟೆ ಆರಿದ ಮೇಲೆ ಸ್ಟಾರ್ ಸ್ಕ್ರೂಡ್ರೈವರಿನಿಂದ ಮುಚ್ಚಳದ ಸ್ಕ್ರೂ, ಆಮೇಲೆ ಲ್ಯಾಂಪ್ ಗೂಡಿನ ಎರಡು ಮೂರು ಸ್ಕ್ರೂ ಸಡಿಲಿಸಿ. ಇವು ಹೆಚ್ಚಾಗಿ ಕಳಚಿ ಬೀಳದಂಥವು. ಹಿಡಿಕೆ ಹಿಡಿದು ನೇರ ಎಳೆಯಿರಿ. ಛಾವಣಿಯಲ್ಲೇ ಇದ್ದರೆ ಕೆಳಗೆ ನಿಂತು ಮುಖ ಮೇಲೆತ್ತಬೇಡಿ, ಒಡೆದ ಗಾಜು ಬೀಳಬಹುದು. ಹೊಸದರ ಗಾಜಿಗೆ ಬೆರಳು ತಾಗಬಾರದು, ತಾಗಿದ ಜಿಡ್ಡಿನ ಜಾಗ ಹೆಚ್ಚು ಕಾದು ಸೀಳುತ್ತದೆ. ಗೂಡು ಪೂರ್ತಿ ಕೂರಲಿ. ಮುಚ್ಚಳದಡಿ ಒಂದು ಸ್ವಿಚ್ ಇದೆ, ಅದು ಒತ್ತಿಕೊಳ್ಳದಿದ್ದರೆ ಪ್ರೊಜೆಕ್ಟರ್ ಹತ್ತುವುದೇ ಇಲ್ಲ. ಕೊನೆಗೆ ಮೆನುವಿನಲ್ಲಿ ಲ್ಯಾಂಪ್ ರೀಸೆಟ್. ಹಳೆಯದನ್ನು ಶಾಲೆಯ ಕಸದ ಗುಂಡಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಗೂಡಿನ ಸಮೇತ ಬರುವ ಲ್ಯಾಂಪನ್ನೇ ಕೊಳ್ಳಿ. ಬರೀ ಬಲ್ಬು ಅಗ್ಗ, ಆದರೆ ಅದನ್ನು ಹಳೆ ಗೂಡಿನಲ್ಲಿ ಕರಾರುವಾಕ್ಕಾಗಿ ಕೂರಿಸದಿದ್ದರೆ ಬೆಳಕು ಪರದೆಯ ಒಂದು ಮೂಲೆಗೆ ಜಾರುತ್ತದೆ.

ಹೊಸದು ಬೇಕೇ ಎಂಬುದಕ್ಕೆ ನನ್ನ ಅಭಿಪ್ರಾಯ: ಸ್ವಚ್ಛ ಮಾಡಿದ ಮೇಲೆ ಮಧ್ಯಾಹ್ನ ಪೂರ್ತಿ ಪೀರಿಯಡ್ ನಡೆದು ಹಳದಿಯೂ ಕೇಬಲ್ಲಿನದೇ ಆಗಿದ್ದರೆ ಖರ್ಚೇ ಬೇಡ. ಲ್ಯಾಂಪೊಂದೇ ಮುದಿಯಾಗಿದ್ದರೆ ಲ್ಯಾಂಪ್ ಹಾಕಿಸಿ. ಲ್ಯಾಂಪೂ ಮುಗಿದು ಪೋಲರೈಸರ್ ಕಲೆಯೂ ಬಂದಿದ್ದರೆ ಹಳೆಯದಕ್ಕೆ ಒಂದು ರೂಪಾಯಿಯೂ ಹಾಕಬೇಡಿ. ಆಗ ನಮ್ಮ ಧೂಳಿಗೆ ತಕ್ಕದ್ದು ಲೇಸರ್ ಬೆಳಕಿನ ಡಿಎಲ್‌ಪಿ, ಅದರಲ್ಲೂ ಒಳಭಾಗ ಧೂಳು ಹೋಗದಂತೆ ಮುಚ್ಚಿದೆ ಎಂಬುದಕ್ಕೆ ‘ಐಪಿ5ಎಕ್ಸ್’ ಗುರುತು ಇರುವಂಥದ್ದು. ಲ್ಯಾಂಪ್ ಬದಲಿಸುವ ಗೋಜಿಲ್ಲ, ಬೆಳಕಿನ ಆಯಸ್ಸು ಸುಮಾರು 20,000 ಗಂಟೆ, ಕರೆಂಟು ಹೋಗಿ ಬಂದರೆ ಹೆಚ್ಚು ಕಾಯದೆ ಹಚ್ಚಬಹುದು. ತರಗತಿಗೆ 3500 ಎಎನ್‌ಎಸ್‌ಐ ಲ್ಯೂಮೆನ್‌ಗೆ (ಬೆಳಕಿನ ಪ್ರಮಾಣಿತ ಅಳತೆ) ಕಡಿಮೆ ಬೇಡ. ಆನ್‌ಲೈನ್‌ನಲ್ಲಿ ಕೆಲವೇ ಸಾವಿರಕ್ಕೆ ‘9000 ಲ್ಯೂಮೆನ್’ ಎಂದು ಮಾರುವ ಚಿಕ್ಕ ಡಬ್ಬಿಗಳು ಕತ್ತಲ ಕೋಣೆಯ ಆಟಿಕೆ, ಅವುಗಳ ಎಎನ್‌ಎಸ್‌ಐ ಲೆಕ್ಕ ಕೇಳಿದರೆ ಕೆಲವು ನೂರು ಇರಬಹುದು.

ಇಷ್ಟಾದ ಮೇಲೂ ಟೆಂಪ್ ದೀಪ ಮಿನುಗಿದರೆ ಒಳಗಿನ ಫ್ಯಾನು ಅಥವಾ ಉಷ್ಣಾಂಶ ಅಳೆಯುವ ಸೆನ್ಸರ್ ಹೋಗಿದೆ. ಎರಡೂ ಸಣ್ಣ ಬಿಡಿಭಾಗಗಳು, ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಸಿಗುತ್ತವೆ. ಅಲ್ಲಿಗೆ ಫೋನ್ ಮಾಡುವಾಗ ಮಾಡೆಲ್ ನಂಬರ್, ಲ್ಯಾಂಪ್ ಗಂಟೆ, ಯಾವ ದೀಪ ಎಷ್ಟು ಸಲ ಮಿನುಗುತ್ತದೆ, ಹಚ್ಚಿದ ಎಷ್ಟು ನಿಮಿಷಕ್ಕೆ ನಿಲ್ಲುತ್ತದೆ ಎಂಬ ನಾಲ್ಕು ಸಂಗತಿ ಬರೆದಿಟ್ಟುಕೊಂಡು ಹೇಳಿ. ಬರೀ ‘ಕೆಟ್ಟಿದೆ’ ಅಂದರೆ ಅವರೂ ಲ್ಯಾಂಪ್ ಅಂತಲೇ ಶುರು ಮಾಡುತ್ತಾರೆ.